ಹೊಸ್ತಿಲ ಒಳಗಿನ ಪೈಲ್ವಾನ

ಬೆಳವಣಕಿಯ ನಮ್ಮ ಮನೆಯ ಪಡಸಾಲೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಊಟದ ತಾಟಿನಷ್ಟಗಲ ಒಂದು ಬೆಳಕಿಂಡಿ ಇತ್ತು. ಅದರೊಳಗಿಂದ ಬೀಳುವ ಬಿಸಿಲು ಬೆಳಿಗ್ಗೆ ಜೋಳದ ಚೀಲಗಳ ಮೇಲಿಂದ ಇಳಿದು, ಮಧ್ಯಾಹ್ನ ನೆಲದ ನಡುವೆ ಬಂದು ಕೂತು, ಸಂಜೆ ನಾನು ಮಲಗುವ ಹೊರಸಿನ ಕಾಲನ್ನು ಮುಟ್ಟಿ ಮಾಯವಾಗುತ್ತಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಆರು ವಾರ ನಾನು ಆ ಬಿಸಿಲನ್ನು ಕಾಯುತ್ತ ಮಲಗಿದ್ದೆ. ದಿನಾ ತಪ್ಪದೆ ನನ್ನನ್ನು ನೋಡಲು ಬರುತ್ತಿದ್ದ ನೆಂಟ ಅದೊಂದೇ. ಬಲಗಾಲು ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರಿನೊಳಗಿತ್ತು. ಒಳಗೆ ತುರಿಸಿದರೆ ಅವ್ವನ ಸ್ವೆಟರಿನ ಕಡ್ಡಿ ತೂರಿಸಬೇಕು; ಕಡ್ಡಿ ಮುಟ್ಟದ ಒಂದು ಜಾಗ ಮೊಣಕಾಲಿನ ಹಿಂದಿತ್ತು, ತುರಿಕೆಯೂ ಜಾಣತನದಿಂದ ಅಲ್ಲಿಯೇ ಮನೆ ಮಾಡಿತ್ತು.

ಕಾಲು ಮುರಿದದ್ದು ಅಪ್ಪನಿಂದ. ಅಂದರೆ ಅಪ್ಪ ಮುರಿಯಲಿಲ್ಲ, ಅಪ್ಪನ ನಡಿಗೆ ಮುರಿಯಿತು. ಎಡಭುಜ ಮುಂದೆ, ಅದರ ಹಿಂದೆ ಹೊಟ್ಟೆ, ಎರಡೂ ಕೈ ಬೆನ್ನಿಗೆ, ಕಣ್ಣು ನೆಲದ ಮೇಲೆ. ಹೊಲದಲ್ಲಿ ಉಳ್ಳಾಗಡ್ಡಿಯ ಸಾಲು ನೋಡುತ್ತ ನಡೆದು ನಡೆದು ಅಪ್ಪ ಊರ ಓಣಿಯಲ್ಲೂ ಹಾಗೆಯೇ ನಡೆಯುತ್ತಿದ್ದ. ಸಾಲಿನ ತುದಿ ಬಂತೆಂದರೆ ಗಕ್ಕನೆ ನಿಂತು, ಗಂಟಲು ಕೆರೆದು, ತಿರುಗುತ್ತಿದ್ದ. ಒಂದು ಸಂಜೆ ಓಣಿಯಲ್ಲಿ ಐದಾರು ಹುಡುಗರನ್ನು ನಿಲ್ಲಿಸಿ, ಮಾಳಿಗೆಯ ಮೇಲೆ ನಾನು ಅಪ್ಪನಾದೆ. ಅಪ್ಪನ ಹೊಲ ಉದ್ದವಿತ್ತು, ಮಾಳಿಗೆ ಗಿಡ್ಡವಿತ್ತು. ನಾನು ಗಂಟಲು ಕೆರೆಯುವಷ್ಟರಲ್ಲಿ ತುದಿ ಮುಗಿದುಹೋಗಿತ್ತು. ಬಿದ್ದಾಗಲೂ ಹುಡುಗರು ಚಪ್ಪಾಳೆ ಹೊಡೆದರು, ಅದೂ ಆಟದಲ್ಲಿದೆ ಅಂದುಕೊಂಡು. ಗದಗಿನ ದವಾಖಾನೆಯಿಂದ ನನ್ನನ್ನು ತಂದು ಹೊರಸಿನ ಮೇಲೆ ಹಾಕಿದ ದಿನ ಅಪ್ಪ ತೀರ್ಪು ಕೊಟ್ಟ.

“ಪ್ಲಾಸ್ಟರ್ ಬಿಚ್ಚೂತನಕ ಇವನ್ನ ಹೊಸ್ತಿಲ ದಾಟಿಸಬ್ಯಾಡ್ರಿ. ಕಟ್ಟಿ ಮ್ಯಾಲ ಕುಂದ್ರಿಸಿದ್ರ ಹಾದು ಹೋಗೋ ಮಂದೀನೆಲ್ಲ ಅಣಕಿಸ್ತಾನ. ಊರಾಗ ನನ್ನ ಮರ್ಯಾದಿ ಒಂದ ಕಾಲ ಮ್ಯಾಲ ನಿಂತೈತಿ.”

“ನಂದೂ ಒಂದ ಕಾಲ ಮ್ಯಾಲ ಐತ್ಯಪ್ಪಾ.”

ಅಲ್ಲಿಯವರೆಗೆ ಅವ್ವನಿಗೆ ತೀರ್ಪನ್ನು ಸಡಿಲಿಸುವ ಆಸೆಯಿತ್ತು. ನನ್ನ ಈ ಮಾತಿನಿಂದ ಅದು ಖಾಯಂ ಆಯಿತು.

ಹೊರಸಿನಿಂದ ಕಾಣುತ್ತಿದ್ದುದು ಇಷ್ಟು: ಎರಡು ಮೆಟ್ಟಿಲು ಕೆಳಗೆ ದನ ಕಟ್ಟುವ ಜಾಗ, ಅಲ್ಲಿ ನಮ್ಮ ಎರಡು ಎತ್ತುಗಳ ಹಿಂಭಾಗ, ಅವು ನೀರು ಕುಡಿಯುವ ಕಲ್ಲಿನ ಬಾನಿ, ಅದರಾಚೆ ಹೊಸ್ತಿಲು, ಹೊಸ್ತಿಲಿನಾಚೆ ಒಂದು ಗೇಣಗಲ ಓಣಿ. ಅಪ್ಪ ಅವ್ವ ಹೊತ್ತೇರುವ ಮೊದಲೇ ಹೊಲಕ್ಕೆ ಹೋಗುತ್ತಿದ್ದರು. ತಂಗಿ ಗಂಗಿ ಶಾಲೆ ಬಿಟ್ಟ ಮೇಲೆ ಓಣಿಯ ಪಾಲು. ಒಳಗೆ ಉಳಿಯುತ್ತಿದ್ದವರು ನಾನು ಮತ್ತು ಅಪ್ಪನ ತಾಯಿ, ನಮ್ಮ ಆಯಿ. ಮೊಣಕಾಲು ನೋವಿನಿಂದ ಆಯಿ ಓಣಿ ತುದಿಯ ಮಠದಾಚೆ ಕಾಲಿಟ್ಟು ವರ್ಷಗಳಾಗಿದ್ದವು. ಮೊದಲ ವಾರದಲ್ಲೇ ಊರಿನವರನ್ನೆಲ್ಲ ಅಣಕಿಸಿ ಮುಗಿಸಿದೆ. ಎರಡನೆಯ ವಾರ ಎತ್ತುಗಳನ್ನು ಅಣಕಿಸಿದೆ. ಮೂರನೆಯ ವಾರ ನೋಡಲು ಯಾರೂ ಉಳಿಯದೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅವ್ವ ಹೆದರಿ ತನ್ನ ತಮ್ಮನಿಗೆ ಫೋನು ಮಾಡಿದಳು.

ಮಾಮಾ ಗಜೇಂದ್ರಗಡದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಗಿರಾಕಿಗಳು ಕಾಯುವಾಗ ನೋಡಿಕೊಂಡಿರಲಿ ಅಂತ ಅಂಗಡಿಯಲ್ಲಿ ಮೀನು ಸಾಕಿದ್ದ. ಮದುವೆಮನೆಯ ಉಪ್ಪಿನಕಾಯಿ ಹಿಡಿಸುವಂಥ ದೊಡ್ಡ ಗಾಜಿನ ಬರಣಿಯನ್ನು ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದ. ಒಳಗೆ ಹೆಬ್ಬೆರಳುದ್ದದ ಒಂದು ಮೀನು, ಮೈಗಿಂತ ದೊಡ್ಡ ಬಾಲ, ಹೆಣ್ಣಿನ ಲಂಗದಂತೆ.

“ಅಳಿಯಾ, ನಿನ್ನಂಥಾವನ್ನ ತಂದೀನಿ ನೋಡು. ಇದು ಫೈಟರ್. ಒಬ್ಬಾಂವನ ಇರಬೇಕು, ಮಗ್ಗಲಕ ಇನ್ನೊಬ್ಬ ಬಂದ್ರ ಜಗಳಾನ.”

ಅವ್ವನ ಕೈಗನ್ನಡಿಯನ್ನು ಬರಣಿಗೆ ಹಿಡಿದು ತೋರಿಸಿದ. ಮೀನು ಕನ್ನಡಿಯೊಳಗಿನ ಮೀನನ್ನು ನೋಡಿ ಕಿವಿರು ಅಗಲಿಸಿ, ಬಾಲ ಬಿಚ್ಚಿ, ಎದೆಯುಬ್ಬಿಸಿ ನಿಂತಿತು. ಅದು ಹಿಂದೆ ಸರಿದರೆ ಇದೂ ಸರಿಯಿತು, ಅದು ಬೈದರೆ ಇದೂ ಬೈಯಿತು. ತನ್ನನ್ನು ತಾನೇ ಅಣಕಿಸಿಕೊಂಡು ತಾನೇ ಸಿಟ್ಟಾಗುವ ಇನ್ನೊಂದು ಪ್ರಾಣಿ ಲೋಕದಲ್ಲಿದೆ ಎಂದು ನನಗೆ ಅಂದೇ ತಿಳಿದದ್ದು. ಪೈಲ್ವಾನ ಎಂದು ಹೆಸರಿಟ್ಟೆ. ಮಾಮಾ ಪಾಠ ಹೇಳಿದ: ಕನ್ನಡಿ ದಿನಕ್ಕೊಂದು ಸಲ, ಒಂದೇ ನಿಮಿಷ. ನಳದ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಹಾಕು. ನಾಲ್ಕು ದಿನಕ್ಕೊಮ್ಮೆ ಅರೆಪಾಲು ನೀರು ಬದಲಿಸು. ಇದು ಮೇಲೆ ಬಂದು ಗಾಳಿ ಕುಡಿಯುತ್ತದೆ, ಬಾಯಿ ಪೂರ್ತಿ ಮುಚ್ಚಬೇಡ. ಇನ್ನು ಊಟ.

“ಅಂಗಡಿ ಕಾಳು ತಂದಿಲ್ಲ. ಇದಕ್ಕ ಜೀವಂತ ಹುಳಾನ ಚಲೋ. ನೀರಾಗಿನ ಸೊಳ್ಳಿ ಮರಿ ಅಂದ್ರ ಇದಕ್ಕ ಹೋಳಿಗಿ. ಆದ್ರ ಒಂದ ಲಕ್ಷ್ಯದಾಗ ಇಟಗೋ, ಇದರ ಹೊಟ್ಟಿ ಇದರ ಕಣ್ಣಷ್ಟ ಐತಿ.”

ಅಷ್ಟರಲ್ಲಿ ಒಳಗಿನಿಂದ ಆಯಿ ಬಂದಳು. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಕೈಯಲ್ಲಿ ಕಸಬರಿಗೆ. ಕಸ ಹೊಡೆಯುವಾಗ ಇರುವೆ ಸಿಕ್ಕರೆ ಕಸಬರಿಗೆಯ ತುದಿಯಿಂದ ದಾರಿ ತೋರಿಸಿ ಕಳಿಸುವವಳು ಆಕೆ.

“ಮೀನ ಇರಲಿ. ನೀರಾಗಿನ ಜೀವ, ಯಾರಿಗೇನ ಕೇಡ ಮಾಡೂದಿಲ್ಲ. ಆದ್ರ ನನ್ನ ಹೊಸ್ತಿಲ ಒಳಗ ಜೀವ ಜೀವಾ ತಿನ್ನೂದು ನಡಿಯೂದಿಲ್ಲ. ನಾ ಸೊಸಿ ಆಗಿ ಬಂದಾಗಿಂದ ಈ ಮನ್ಯಾಗ ಒಂದ ತತ್ತಿ ಒಡದಿಲ್ಲ.”

“ಅತ್ತೀ, ಅದರ ಹುಟ್ಟಗುಣಾನ ಹಂಗೈತ್ರಿ.”

“ಹುಟ್ಟಗುಣ ಬಿಡಿಸಾಕ ಬರತೈತಿ. ಇವರಪ್ಪ ಸಣ್ಣಾಂವ ಇದ್ದಾಗ ಮಣ್ಣ ತಿಂತಿದ್ದ, ಬಿಡಿಸಿಲ್ಲೇನ?”

ಹೀಗೆ ಪೈಲ್ವಾನನ ದೀಕ್ಷೆ ಶುರುವಾಯಿತು. ಬರಣಿಯನ್ನು ನನ್ನ ತಲೆಯ ಹತ್ತಿರದ ಗೋಡೆಯ ಗೂಡಿನಲ್ಲಿಟ್ಟರು. ಮೊದಲ ದಿನ ನೆನೆಸಿದ ಚುರುಮುರಿ. ಬಾಯಿಗೆ ತೆಗೆದುಕೊಂಡು, ಒಂದು ಕ್ಷಣ ಯೋಚಿಸಿ, ಉಗುಳಿತು. ಎರಡನೆಯ ದಿನ ರೊಟ್ಟಿಯ ಚೂರು. ಅದನ್ನೂ ಉಗುಳಿತು, ನೀರು ಗಂಜಿಯಾಯಿತು. ಮೂರನೆಯ ದಿನ ಆಯಿ ಮೊಳಕೆ ಬಂದ ಹೆಸರುಕಾಳನ್ನು ಉಗುರಿನಿಂದ ಸಣ್ಣಗೆ ಹರಿದು, “ತಿನ್ನೋ ನನ್ನಪ್ಪಾ, ತಿಂದ್ರ ಶಕ್ತಿ ಬರತೈತಿ” ಎಂದು ಹಾಕಿದಳು. ಈ ಮಾತನ್ನೇ ಹೇಳಿ ಆಕೆ ನನಗೂ ಅದೇ ಕಾಳು ತಿನ್ನಿಸುತ್ತಿದ್ದಳು. ನನಗೆ ಉಗುಳುವ ಸೌಲಭ್ಯ ಇರಲಿಲ್ಲ. ವಾರವಾಗುವಷ್ಟರಲ್ಲಿ ಪೈಲ್ವಾನನ ಬಾಲ ಒದ್ದೆ ಬಟ್ಟೆಯಂತೆ ಮುದುಡಿತು. ಕನ್ನಡಿ ಹಿಡಿದರೆ ನೋಡಿ ಸುಮ್ಮನಾಗುತ್ತಿತ್ತು. ಕನ್ನಡಿಯೊಳಗಿನವನ ಮೇಲೂ ಸಿಟ್ಟು ಬಾರದಷ್ಟು ಸೋತವನನ್ನು ನೋಡುವುದು ಕಷ್ಟ. ಅದು ಸತ್ತರೆ ಆ ಪಡಸಾಲೆಯಲ್ಲಿ ಮತ್ತೆ ನಾನೊಬ್ಬನೇ.

ಆ ಹೊತ್ತಿಗೆ ಸರಿಯಾಗಿ ಗಂಗಿ ಓಡಿಬಂದು ಹೇಳಿದಳು.

“ಅಣ್ಣಾ, ಎತ್ತಿನ ಬಾನ್ಯಾಗ ಸಣ್ಣ ಸಣ್ಣ ಹುಳ ಡ್ಯಾನ್ಸ್ ಮಾಡಾಕತ್ತಾವ!”

ಹೊರಸಿನಿಂದ ಬಾನಿಗೆ ಹತ್ತು ಹೆಜ್ಜೆ. ಹೋಳಿಗೆಯ ಹಂಡೆ ಅಲ್ಲಿದೆ, ಹಸಿದವನು ಇಲ್ಲಿದ್ದಾನೆ, ನಡುವೆ ನನ್ನ ಕಾಲು. ಗಂಗಿಯನ್ನು ಕೇಳಿದರೆ ಆಯಿಗೆ ಹೇಳಿಬಿಡುತ್ತಾಳೆ. ಆ ವಯಸ್ಸಿನಲ್ಲಿ ಆಕೆ ಊರಿನ ಮೈಕು. ಎರಡು ದಿನ ಬಾನಿಯನ್ನೇ ನೋಡುತ್ತ ಮಲಗಿದೆ. ಮೂರನೆಯ ದಿನ ಆಯಿ ಒಳಮನೆಯಲ್ಲಿ ಪೂಜೆಗೆ ಕೂತಾಗ ಚಾದರವನ್ನು ಮುಖದ ಮೇಲೆಳೆದುಕೊಂಡು, ಗಂಟಲನ್ನು ಸ್ವಲ್ಪ ಒಡೆದು, ಕೊನೆಯ ಅಕ್ಷರವನ್ನು ಎಳೆದು, ಆಯಿಯಾದೆ.

“ಗಂಗೀ… ಬಾನ್ಯಾಗಿನ ನೀರ ಒಂದ ತಂಬಿಗಿ ತಂದ ಅಣ್ಣನ ಹಂತ್ಯಾಕ ಇಡ ಯವ್ವಾ. ಕೈ ತೊಳಸಬೇಕು.”

ಗಂಗಿ ತಂದಿಟ್ಟು ಓಡಿದಳು. ಚಹಾ ಸೋಸುವ ಜರಡಿ ನನ್ನ ಕೈಗೆಟಕುವಲ್ಲೇ ಇತ್ತು. ಸೋಸಿ, ಕುಡಿಯುವ ನೀರಿನಲ್ಲಿ ಒಮ್ಮೆ ತೊಳೆದು, ಬರಣಿಗೆ ಕೊಡವಿದೆ. (ಜರಡಿಯನ್ನೂ ತೊಳೆದೆ. ಅದರಲ್ಲೇ ಸೋಸಿದ ಚಹಾವನ್ನು ಮನೆಮಂದಿ ಮುಂದಿನ ಎರಡು ವಾರ ಕುಡಿದರು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಓದಿದವರು ದಯಮಾಡಿ ಬೆಳವಣಕಿಗೆ ಸುದ್ದಿ ಮುಟ್ಟಿಸಬೇಡಿ.) ಮೊದಲ ಮರಿ ತಲೆ ಕೆಳಗಾಗಿ ನೀರಿನ ಮೇಲ್ಮೈಗೆ ತೂಗಿಕೊಂಡಿತು. ಪೈಲ್ವಾನನ ಕಣ್ಣು ತಿರುಗಿತು. ಮೈ ಬಿಲ್ಲಾಯಿತು. ಆಮೇಲೆ ಮರಿ ಇರಲಿಲ್ಲ. ತಿಂದದ್ದು ಕಾಣಲೇ ಇಲ್ಲ, ಇದ್ದದ್ದು ಇಲ್ಲವಾದದ್ದಷ್ಟೇ ಕಂಡಿತು. ನಾಲ್ಕೇ ದಿನದಲ್ಲಿ ಬಾಲ ಬಿಚ್ಚಿತು, ಕನ್ನಡಿಯವನಿಗೆ ಮತ್ತೆ ಬೈಗುಳ ಶುರುವಾಯಿತು. ಆಯಿ ಬರಣಿಯ ಮುಂದೆ ನಿಂತು ತೃಪ್ತಿಯಿಂದ ತಲೆಯಾಡಿಸಿದಳು.

“ನೋಡಿದ್ಯಾ? ಹೆಸರಕಾಳಿನ ಶಕ್ತಿ.”

ನಾನು ಹೌದೆಂದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣ ಎನಿಸಿಕೊಳ್ಳುತ್ತಿದ್ದೆ. ದಿನಾ ಆಯಿಯಾಗುವುದು ಅಪಾಯವೆಂದು, ಕೊನೆಯದಾಗಿ ಒಮ್ಮೆ ಆಯಿಯಾಗಿ ಗಂಗಿಯಿಂದ, ಬಾಯಿ ಒಡೆದ ಒಂದು ಗಡಿಗೆಯಲ್ಲಿ ಬಾನಿಯ ನೀರು ತುಂಬಿಸಿ, ನಾಲ್ಕು ಎಳೆ ಹುಲ್ಲು ಹಾಕಿ, ಹೊರಸಿನ ಕೆಳಗೆ ಇಡಿಸಿಕೊಂಡೆ. ಅಲ್ಲಿ ನನ್ನ ಸ್ವಂತ ಮರಿಗಳು ಹುಟ್ಟಿದವು. ತಿನ್ನಿಸಿದಷ್ಟೂ ಉಳಿಯುತ್ತಿದ್ದವು, ಉಳಿದವುಗಳಿಗೆ ರೆಕ್ಕೆ ಬರುತ್ತಿದ್ದವು. ಸಂಜೆಯಾದರೆ ಅಪ್ಪ ಕಾಲಿಗೆ ಹೊಡೆದುಕೊಂಡು ಗ್ರಾಮ ಪಂಚಾಯಿತಿಗೆ ಬೈಯುತ್ತಿದ್ದ, ಆಯಿ ತೋಳಿನ ಮೇಲೆ ಕೂತದ್ದನ್ನು ಊದಿ ಕಳಿಸುತ್ತಿದ್ದಳು, ನಾನು ಪಂಚಾಯಿತಿಗೆ ಅಪ್ಪನ ದನಿಯಲ್ಲೇ ಇನ್ನೆರಡು ಬೈದು ಚಾದರ ಹೊದೆಯುತ್ತಿದ್ದೆ.

ಒಂದು ಭಾನುವಾರ ಆಯಿ ಮತ್ತು ನನ್ನನ್ನು ಬಿಟ್ಟು ಮನೆಯವರೆಲ್ಲ ಪುರ್ತಗೇರಿಗೆ ಮದುವೆಗೆ ಹೋದರು. ಆಯಿ ಮಧ್ಯಾಹ್ನವಿಡೀ ಒಳಗೆ ಮಲಗಿದ್ದಳು. ಬಿಸಿಲು ನೆಲದ ನಡುವೆ ಬಂದು, ಎಂದಿನಂತೆ ಅಲ್ಲೇ ಬಹಳ ಹೊತ್ತು ಕೂತುಬಿಟ್ಟಿತು. ಓಣಿಯಲ್ಲಿ ಒಂದು ನಾಯಿಯೂ ಹಾಯಲಿಲ್ಲ. ಪೈಲ್ವಾನನಿಗೆ ಐದು ಮರಿ ಹಾಕಿದೆ. ಮೈ ಬಿಲ್ಲಾಗುವುದು ನೋಡಲು ಚೆನ್ನಾಗಿತ್ತು, ಇನ್ನೈದು ಹಾಕಿದೆ. ಆ ದಿನ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಘಟನೆ ಅದೊಂದೇ. ನಿಲ್ಲಿಸಿದರೆ ಮತ್ತೆ ಏನೂ ನಡೆಯುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು. ಕಣ್ಣಷ್ಟು ಹೊಟ್ಟೆಯವನು ಬೇಡ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ನೋಡಿದರೆ ಅದರ ಹೊಟ್ಟೆ ನೆನೆದ ಕಡಲೆಯಂತೆ ಉಬ್ಬಿ, ಬರಣಿಯ ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿತ್ತು. ಮೇಲೆ ಬಂದು ಗಾಳಿ ಕುಡಿಯಲು ಬಾಲ ಬಡಿಯುತ್ತಿತ್ತು, ಅರ್ಧ ದಾರಿಯಲ್ಲಿ ಸೋತು ಮತ್ತೆ ಇಳಿಯುತ್ತಿತ್ತು.

ಅದೇ ಬೆಳಿಗ್ಗೆ ಆಶಾ ಕಾರ್ಯಕರ್ತೆ ರೇಣುಕವ್ವ ಕೈಯಲ್ಲಿ ಟಾರ್ಚು ಹಿಡಿದು ಹೊಸ್ತಿಲು ದಾಟಿದಳು. ಓಣಿಯಲ್ಲಿ ಇಬ್ಬರಿಗೆ ಜ್ವರ ಬಂದಿತ್ತು, ನಿಂತ ನೀರೆಲ್ಲ ನೋಡುತ್ತ ಬಂದಿದ್ದಳು. ಬಾನಿಗೆ ಟಾರ್ಚು ಬಿಟ್ಟು ಚ್ಚ್ ಚ್ಚ್ ಅಂದಳು. ಆಮೇಲೆ ಗಾಳಿಯಲ್ಲಿ ಕೈಯಾಡಿಸುತ್ತ, ಸೊಳ್ಳೆಗಳ ಜಾಡು ಹಿಡಿದು, ಮೆಟ್ಟಿಲು ಹತ್ತಿ ನೇರ ನನ್ನ ಹೊರಸಿನ ಬುಡಕ್ಕೆ ಬಂದು, ಜೋತುಬಿದ್ದ ಕೌದಿ ಎತ್ತಿದಳು.

“ಅಯ್ಯ ನಮ್ಮವ್ವಾ! ನಾವು ಊರಾಗೆಲ್ಲ ಸೊಳ್ಳಿ ಕೊಲ್ಲಾಕ ಅಡ್ಡಾಡಾಕತ್ತೀವಿ, ಈ ಹುಡುಗ ಇಲ್ಲಿ ಅವಕ್ಕ ಸಾಲಿ ತಗದಾನಲ್ರಿ!”

ಆಯಿ ಬಂದಳು. ಗಡಿಗೆ ನೋಡಿದಳು, ಮೀನು ನೋಡಿದಳು.

“ಈ ನೀರ ಇಲ್ಲಿಗಿ ಯಾರ ತಂದ್ರು?”

ಗಂಗಿಗೆ ಅಳು ಬಂತು. “ನೀನಽ ಹೇಳಿದ್ಯಲ್ಲ ಆಯೀ, ದಿನಾ ಕರದು, ಕೈ ತೊಳಸಬೇಕು ತಂದಿಡು ಅಂತ? ಆಮ್ಯಾಲ ಗಡಿಗಿ ತುಂಬಿಡು ಅಂತ?”

“ನಾ ಯಾವಾಗ ಹೇಳ್ದೆ?”

ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ಜೀವನದಲ್ಲಿ ನನಗೆ ಸಿಕ್ಕ ಅತಿ ಹೆಚ್ಚು ಗಮನ ಕೊಟ್ಟ ಪ್ರೇಕ್ಷಕರು ಅವರೇ. ನನ್ನ ಬಾಯಿಂದ ಒಂದು ದನಿಯೂ ಹೊರಡಲಿಲ್ಲ. ಆಯಿ ಬೈಯಲಿಲ್ಲ, ಹೊಡೆಯಲಿಲ್ಲ.

“ನನ್ನ ದನಿ ತಗೊಂಡ ನನ್ನ ನೇಮಾ ಮುರದ್ಯಲ್ಲೋ.”

ಅಷ್ಟೇ ಅಂದು ಮಾತು ನಿಲ್ಲಿಸಿದಳು. ಊಟ ತಂದಿಡುತ್ತಿದ್ದಳು, ಕಾಲ ಕೆಳಗೆ ದಿಂಬು ಸರಿಮಾಡುತ್ತಿದ್ದಳು, ಮಾತಿಲ್ಲ. ಬೇರೆಯವರು ಮಾತು ಬಿಟ್ಟರೆ ಎದ್ದು ಓಣಿಗೆ ಹೋಗಬಹುದು. ನಾನು ಎಲ್ಲಿಗೆ ಹೋಗಲಿ? ಬಾನಿಯನ್ನು ಬಳಿದು ತಿಕ್ಕಿ ಒಣಗಿಸಿದರು, ಗಡಿಗೆಯನ್ನು ಒಡೆದರು, ನೀರಿನ ಡ್ರಮ್ಮುಗಳಿಗೆ ಬಟ್ಟೆ ಕಟ್ಟಿದರು. ಮನೆಯಲ್ಲಿ ಒಂದು ಮರಿಯೂ ಉಳಿಯಲಿಲ್ಲ. ಮೀನಿಗೆ ಏನು ಮಾಡಬೇಕೆಂದು ಆಯಿ ನನಗಲ್ಲ, ಗಂಗಿಗೆ ಹೇಳಿದಳು, ನನಗೆ ಕೇಳುವಷ್ಟು ಗಟ್ಟಿಯಾಗಿ.

“ಹೊಟ್ಟಿ ಉಬ್ಬಿದ ಎತ್ತಿಗಿ ಯಾರರ ಮೇವ ಹಾಕ್ತಾರೇನ? ಇವತ್ತ ಸೋಮವಾರ. ನಾನೂ ಒಪ್ಪತ್ತು, ಇದೂ ಒಪ್ಪತ್ತು. ಅದು ತಾನಾಗಿ ಎದ್ದ ಬರೂತನಕ ಒಂದ ಅಗಳ ಹಾಕಬ್ಯಾಡ್ರಿ.”

ಮಾಮಾನಿಗೆ ಫೋನು ಮಾಡಿದರೆ ಅವನೂ ಅದನ್ನೇ ಅಂದ: ಉಪವಾಸ ಇಡು, ತೆರೆದಿಟ್ಟ ನೀರನ್ನು ಸ್ವಲ್ಪ ಸ್ವಲ್ಪ ಬದಲಿಸು, ಮೇಲೆ ಬರಲು ದೂರವಾಗದಂತೆ ನೀರು ಕಡಿಮೆ ಇಡು, ಕನ್ನಡಿ ಬಂದ್. ಪೈಲ್ವಾನನ ಜೊತೆ ನಾನೂ ಉಪವಾಸ ಇರುತ್ತೇನೆಂದು ಘೋಷಿಸಿದೆ. ಯಾರೂ ಬೇಡ ಅನ್ನಲಿಲ್ಲ. ಸಂಜೆ ಅವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದಳು; ನನ್ನ ವ್ರತ ಎರಡು ರೊಟ್ಟಿಯಲ್ಲಿ ಮುಗಿಯಿತು. ಪೈಲ್ವಾನ ಮಾತ್ರ ಮೂರು ದಿನ ಉಪವಾಸವಿತ್ತು. ಈಗ ನಾನು ರೋಣ, ನರಗುಂದದ ಮದುವೆಗಳಲ್ಲಿ ಮಿಮಿಕ್ರಿ ಮಾಡಿ ಬದುಕುತ್ತೇನೆ, ನನ್ನ ಕೋಣೆಯಲ್ಲಿ ಈಗಲೂ ಒಂದು ಫೈಟರ್ ಇದೆ. ವಾರಕ್ಕೊಂದು ದಿನ ಅದಕ್ಕೆ ಊಟವಿಲ್ಲ. ಯಾವ ದಿನ ಅಂತ ಹೇಳಬೇಕಿಲ್ಲ.

ಗುರುವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಪೈಲ್ವಾನ ನೀರಿನ ಮೇಲ್ಭಾಗದಲ್ಲಿ ನೆಟ್ಟಗೆ ನಿಂತಿತ್ತು. ಹೊಟ್ಟೆ ಇಳಿದಿತ್ತು. ನನ್ನ ಮುಖ ಕಂಡದ್ದೇ ಗಾಜಿಗೆ ಬಂದು ಮೂತಿಯಿಟ್ಟಿತು. ಹಸಿವು. ಆದರೆ ಹಾಕಲು ಏನೂ ಇರಲಿಲ್ಲ, ಇದ್ದರೂ ಹಾಕುವ ಮುಖ ನನಗಿರಲಿಲ್ಲ. ಆಯಿ ತಲೆದಿಂಬಿನ ಹತ್ತಿರ ಚಹಾ ಇಟ್ಟಾಗ ಕೇಳಿದೆ.

“ಆಯೀ, ಇದನ್ನ ಮಾಮಾಗ ತಿರುಗಿ ಕೊಟ್ಟಬಿಡೂಣು. ಇಲ್ಲಿದ್ರ ಸಾಯ್ತೈತಿ.”

ಅಂದ ಮೇಲೆ ಆ ದನಿ ಯಾರದೆಂದು ನನಗೇ ಆಶ್ಚರ್ಯವಾಯಿತು. ಅದು ಯಾರದೂ ಆಗಿರಲಿಲ್ಲ, ನನ್ನದಿತ್ತು. ತೆಳ್ಳಗೆ, ಸ್ವಲ್ಪ ಮೂಗಿನಲ್ಲಿ. ಆಯಿ ಒಂದು ಗಳಿಗೆ ನನ್ನನ್ನು ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಆಯಿ ಮನೆಯಲ್ಲಿರಲಿಲ್ಲ. ಅಪ್ಪ ಎತ್ತು ಬಿಚ್ಚದೆ ಕಾಯುತ್ತ ಕೂತ. ಕೋಲೂರಿಕೊಂಡು ಹಳ್ಳದ ಕಡೆ ಹೋದಳೆಂದು ಗಂಗಿ ವರದಿ ತಂದಳು. ಬಿಸಿಲು ಜೋಳದ ಚೀಲ ಇಳಿಯುವ ಹೊತ್ತಿಗೆ ಆ ಒಂದು ಗೇಣಗಲ ಓಣಿಯಲ್ಲಿ ಆಯಿ ಕಂಡಳು. ಸೀರೆಯ ಅಂಚಿಗೆ ಕರಿಮಣ್ಣು, ಕೈಯಲ್ಲಿ ಹಿತ್ತಾಳೆಯ ತಂಬಿಗೆ, ತಂಬಿಗೆಯ ಬಾಯಿಗೆ ಸೆರಗು ಮುಚ್ಚಿತ್ತು. ಅದನ್ನು ಒಳಗೆ ತರಲಿಲ್ಲ. ಹೊರಗೆ ಕಟ್ಟೆಯ ಮೇಲಿಟ್ಟು, ಮೇಲೊಂದು ತಾಟು ಮುಚ್ಚಿ, ಕಾಲು ತೊಳೆದು ಒಳಗೆ ಬಂದಳು.

“ಮಲ್ಲಪ್ಪಾ, ಈ ಹೊರಸ ಎತ್ತು.”

“ಎಲ್ಲಿಗಿ ಬೇ?” ಅಂದ ಅಪ್ಪ.

“ಕಟ್ಟಿಗಿ. ಹೊಸ್ತಿಲ ಒಳಗ ಜೀವ ತಿನಬಾರದು ಅಂದೀನಿ. ಹೊಸ್ತಿಲ ಹೊರಗಿಂದ ನಾ ಏನೂ ಅಂದಿಲ್ಲ.”

“ಮೀನ ಒಯ್ಯೂಣು. ಇವನ್ಯಾಕ?”

“ಅದಕ್ಕ ಹಾಕಾವ್ರ ಯಾರು? ನಾ ಹಾಕಲೇನ?”

“ಹೊರಗ ಕುಂತ್ರ ಅಣಕಸ್ತಾನಬೇ…”

“ಅಣಕಿಸಲಿ. ನೀ ಕಣದಾಗ ನಿಂತು ನಿಮ್ಮಪ್ಪನ್ನ ಹಿಂಗಽ ಅಣಕಿಸ್ತಿದ್ದಿ. ಭುಜಾ ಮುಂದ, ಕೈ ಹಿಂದ. ಮಾಡಿ ಮಾಡಿ ಅದಽ ನಡಿಗಿ ಗಟ್ಟಿ ಆತು. ಈಗ ಅದನ್ನ ನಂದು ಅಂತೀ.”

ಅಪ್ಪ ಗಂಟಲು ಕೆರೆದುಕೊಳ್ಳಲು ಹೋಗಿ ಅರ್ಧಕ್ಕೆ ಬಿಟ್ಟ. ಆಮೇಲೆ ಅವ್ವ ಒಂದು ಕಡೆ, ಅವನೊಂದು ಕಡೆ ಹೊರಸು ಹಿಡಿದರು. ಬಾಗಿಲಿನಲ್ಲಿ ಹೊರಸಿನ ಕಾಲು ಸಿಕ್ಕಿಕೊಂಡಿತು. ಓರೆ ಮಾಡಿದರೆ ನಾನು ಜಾರುತ್ತಿದ್ದೆ, ನೆಟ್ಟಗೆ ಹಿಡಿದರೆ ಹೊರಸು ಹೋಗುತ್ತಿರಲಿಲ್ಲ. ನನ್ನ ಅರ್ಧ ಮೈ ಒಳಗೆ, ಪ್ಲಾಸ್ಟರಿನ ಕಾಲು ಹೊರಗೆ, ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದೆ. ಕೊನೆಗೆ ಅಪ್ಪ ಬೈದು ದೂಡಿದ. ತಾಟಿನಷ್ಟಗಲದ ಬಿಸಿಲನ್ನು ಆರು ವಾರ ಕಾಯ್ದವನ ಮೇಲೆ ಇಡೀ ಬಿಸಿಲು ಒಮ್ಮೆಲೇ ಬಿತ್ತು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಗಂಗಿ ಬರಣಿಯನ್ನು ನನ್ನ ಪಕ್ಕದಲ್ಲಿಟ್ಟಿದ್ದಳು. ಇಷ್ಟು ದಿನ ನಾನು ಪೈಲ್ವಾನನನ್ನು ಕಪ್ಪು ಅಂದುಕೊಂಡಿದ್ದೆ. ಅದು ನೀಲಿಯಿತ್ತು. ರೆಕ್ಕೆಯ ಬುಡದಲ್ಲಿ ಕೆಂಪು, ಒಣಮೆಣಸಿನಕಾಯಿಯ ಕೆಂಪು.

ಹುಡುಗರು ಬಂದು ಸುತ್ತ ನಿಂತರು. ಅಪ್ಪ ಎತ್ತು ಬಿಚ್ಚಿಕೊಂಡು ಓಣಿಯುದ್ದಕ್ಕೆ ಹೊರಟ, ಎಡಭುಜ ಮುಂದೆ. ಎಲ್ಲರೂ ಅಪ್ಪನನ್ನು ನೋಡಿ, ಆಮೇಲೆ ನನ್ನ ಮುಖ ನೋಡಿದರು. ನನ್ನ ಎಡಭುಜ ತುರಿಸಿತು. ಅದನ್ನು ತುರಿಸಿಕೊಂಡು ತಂಬಿಗೆಯ ತಾಟು ತೆಗೆದೆ. ಹಳ್ಳದ ನೀರಿನಲ್ಲಿ ಮರಿಗಳು ತಲೆ ಕೆಳಗಾಗಿ ಕುಣಿಯುತ್ತಿದ್ದವು.

ಆಯಿ ಹೊಸ್ತಿಲಿನ ಒಳಗೆ, ನಮಗೆ ಬೆನ್ನು ಕೊಟ್ಟು, ಕಂಬಕ್ಕೊರಗಿ ಕೂತಿದ್ದಳು.

“ನಾ ನೀರ ತಂದೀನಿ. ಅದರಾಗ ಏನೈತೋ ನನಗ ಗೊತ್ತಿಲ್ಲ. ನನಗ ಕಣ್ಣ ಕಾಣಸೂದಿಲ್ಲ.”

ಒಂದೊಂದೇ ಮರಿಯನ್ನು ಬರಣಿಗೆ ಬಿಟ್ಟೆ. ಪೈಲ್ವಾನನ ಮೈ ಬಿಲ್ಲಾಯಿತು, ಮತ್ತೆ ಆಯಿತು. ಹುಡುಗರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇನ್ನೂ ಒಂದಕ್ಕೆ ನಾನು ತಂಬಿಗೆಗೆ ಕೈ ಹಾಕಿದಾಗ ಒಳಗಿನಿಂದ ದನಿ ಬಂತು.

“ಸಾಕು. ಎಂಟಾದುವು.”